ನೋಡುವವರು ಲಕ್ಷ, ಕೊಳ್ಳುವವರು ಎಷ್ಟು?

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಉದ್ದದ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್‌ಗಳು ಬದಿಗೆ ಬಿಟ್ಟವು. ಹಳೆಯ ರಸ್ತೆಯ ಇಕ್ಕೆಲಗಳಲ್ಲಿ ತಟ್ಟೆ ಇಡ್ಲಿ, ಮದ್ದೂರು ವಡೆ, ಅರಗಿನ ಬಣ್ಣದ ಗೊಂಬೆ ಮಾರುತ್ತಿದ್ದವರ ವ್ಯಾಪಾರ ಕುಸಿಯಿತು. ಗೊಂಬೆಯ ಗುಣ ಕೆಟ್ಟಿರಲಿಲ್ಲ, ವಡೆಯ ರುಚಿ ಕುಂದಿರಲಿಲ್ಲ. ದಾರಿಹೋಕರು ಬೇರೆ ದಾರಿ ಹಿಡಿದರು, ಅಷ್ಟೆ. ಕಾರು ನಿಲ್ಲಿಸಿ ಕೊಂಡು ಹೋದವರು ಯಾವ ಊರಿನವರು, ಅವರನ್ನು ಮತ್ತೆ ಕರೆಯುವುದು ಹೇಗೆ ಎಂದು ಕೇಳಿಟ್ಟುಕೊಳ್ಳುವ ರೂಢಿ ಹೆದ್ದಾರಿ ಬದಿಯ ವ್ಯಾಪಾರದಲ್ಲಿ ಇರುವುದಿಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ನಂಬಿ ವ್ಯಾಪಾರಕ್ಕೆ ಇಳಿದಿರುವ ನಮ್ಮ ಸಣ್ಣ ಉದ್ಯಮಿಗಳಲ್ಲಿ ಬಹಳ ಮಂದಿ ಇಂಥದೇ ಹೆದ್ದಾರಿಯ ಬದಿಯಲ್ಲಿ ಅಂಗಡಿ ಇಟ್ಟಿದ್ದಾರೆ. ಹೊಸ ಗಿರಾಕಿ ನಮ್ಮನ್ನು ಕಂಡುಕೊಳ್ಳಲು ಜಾಲತಾಣ ಒಳ್ಳೆಯ ದಾರಿ, ಅನುಮಾನವಿಲ್ಲ. ಆದರೆ ಬಂದವರನ್ನು ಹೆಸರು, ನಂಬರು ಸಮೇತ ಉಳಿಸಿಕೊಳ್ಳುವ ಕೆಲಸ ವ್ಯಾಪಾರಿಯ ಸ್ವಂತ ಕೈಯಲ್ಲೇ ಇರಬೇಕು. ಲೈಕು, ಫಾಲೋವರ್‌ಗಳ ಲೆಕ್ಕದಲ್ಲಿ ಮುಳುಗಿದವರು ಈ ಎರಡನೆಯ ಕೆಲಸವನ್ನೇ ಮರೆಯುತ್ತಿದ್ದಾರೆ ಎಂಬುದು ನನ್ನ ವಾದ.

ಹೀಗೆ ದಾರಿ ತಿರುಗಿದ್ದು ಒಂದೆರಡು ಸಲವಲ್ಲ. ಬಳಕೆದಾರರಿಗೆ ಗೆಳೆಯರ, ಮನೆಯವರ ಪೋಸ್ಟುಗಳನ್ನೇ ಮೊದಲು ತೋರಿಸುತ್ತೇವೆ ಎಂದು 2018ರ ಜನವರಿಯಲ್ಲಿ ಫೇಸ್‌ಬುಕ್ ಪ್ರಕಟಿಸಿತು. ವ್ಯಾಪಾರಿ ಪುಟಗಳು ಪುಕ್ಕಟೆಯಾಗಿ ತಲುಪುತ್ತಿದ್ದ ಜನರ ಸಂಖ್ಯೆ ಇಳಿಯಿತು. ವರ್ಷಗಟ್ಟಲೆ ಕೂಡಿಸಿಕೊಂಡ ಫಾಲೋವರ್‌ಗಳಿಗೇ ಸುದ್ದಿ ಮುಟ್ಟಿಸಲು ಜಾಹೀರಾತಿನ ದುಡ್ಡು ಕಟ್ಟಬೇಕಾಯಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಆ ಹೊತ್ತಿಗೆ ಭಾರತದಲ್ಲಿ ಟಿಕ್‌ಟಾಕ್ ಬಳಸುತ್ತಿದ್ದವರು ಸುಮಾರು 20 ಕೋಟಿ ಎಂಬ ಅಂದಾಜಿತ್ತು. ನಿಷೇಧ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಟಿಕ್‌ಟಾಕ್ ಒಂದನ್ನೇ ನೆಚ್ಚಿಕೊಂಡಿದ್ದವರ ಫಾಲೋವರ್ ಬಳಗ ಮಾತ್ರ ದಿನ ಬೆಳಗಾಗುವುದರೊಳಗೆ ಇಲ್ಲವಾಯಿತು. ಮರುವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಒಟ್ಟಿಗೇ ಸುಮಾರು ಆರು ಗಂಟೆ ಸ್ತಬ್ಧವಾದವು. ಮೂರೂ ಒಂದೇ ಕಂಪನಿಯವು. ಬೆಂಗಳೂರಿನಲ್ಲೇ ಹುಟ್ಟಿದ ಮೀಶೋದ ಕತೆಯಲ್ಲೂ ಪಾಠವಿದೆ. 2015ರಲ್ಲಿ ಶುರುವಾದ ಆ ಕಂಪನಿ ಬೆಳೆದದ್ದೇ ಮನೆಯಲ್ಲಿ ಕುಳಿತು ಸೀರೆ, ಕುರ್ತಾಗಳ ಚಿತ್ರಗಳನ್ನು ನೆಂಟರಿಗೆ, ನೆರೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮಾರುತ್ತಿದ್ದ ಮಹಿಳೆಯರಿಂದ. ಪರಿಚಯದ ಬಲದಿಂದ ವ್ಯಾಪಾರ ಎಷ್ಟು ಬೆಳೆಯಬಲ್ಲದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆಮೇಲೆ ಕಂಪನಿ ಗ್ರಾಹಕರಿಗೆ ನೇರವಾಗಿ ಮಾರುವತ್ತ ವಾಲಿತು. ಗಿರಾಕಿಗಳ ಪರಿಚಯವನ್ನು ತಮ್ಮದಾಗಿ ಉಳಿಸಿಕೊಂಡಿದ್ದವರಿಗೆ ಅಂಥ ಹೊತ್ತಿನಲ್ಲೂ ಕೈಯಲ್ಲಿ ಏನೋ ಒಂದು ಉಳಿಯುತ್ತದೆ.

ಜಾಲತಾಣಗಳು ಯಾರಿಗೆ ಏನನ್ನು ತೋರಿಸುತ್ತವೆ ಎಂಬುದನ್ನು ಅರಿತರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ನೀವು ಹಾಕಿದ ರೀಲ್ ಮೊದಲು ಕೆಲವರಿಗೆ ಕಾಣುತ್ತದೆ. ಅವರು ಕೊನೆಯವರೆಗೆ ನೋಡಿದರೆ, ಇನ್ನೊಬ್ಬರಿಗೆ ಕಳಿಸಿದರೆ, ಮತ್ತಷ್ಟು ಜನರಿಗೆ ಕಾಣುತ್ತದೆ. ಬಳಕೆದಾರರು ಆ್ಯಪ್ ಬಿಟ್ಟು ಹೋಗದಂತೆ ಹಿಡಿದಿಡುವುದು ಜಾಲತಾಣದ ಗುರಿ, ಏಕೆಂದರೆ ಕಂಪನಿಯ ಆದಾಯ ಜಾಹೀರಾತಿನಿಂದ ಬರುತ್ತದೆ. ನಿಮ್ಮ ಸರಕು ಮಾರಾಟವಾಯಿತೇ ಇಲ್ಲವೇ ಎಂಬುದು ಆ ಲೆಕ್ಕದ ಭಾಗವೇ ಅಲ್ಲ. ಶಿರಸಿಯ ಮನೆಯೊಂದರಲ್ಲಿ ಹಲಸಿನ ಹಪ್ಪಳ ಒತ್ತಿ ಚಾಪೆಯ ಮೇಲೆ ಒಣಹಾಕುವ ವಿಡಿಯೋ ಲಕ್ಷ ಜನರಿಗೆ ಹಿಡಿಸಬಹುದು. ಅವರಲ್ಲಿ ಹಲಸಿನ ಹಪ್ಪಳ ತಿಂದು ಗೊತ್ತಿರುವವರು, ಪಾರ್ಸೆಲ್ ಖರ್ಚು ಕೊಟ್ಟು ತರಿಸಿಕೊಳ್ಳುವವರು ಬೆರಳೆಣಿಕೆಯಷ್ಟೇ ಇರಬಹುದು. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ ಆ ಕೆಲವರಿಗೇ ತಲುಪಬೇಕು.

ಎಷ್ಟು ಜನ ಬೇಕು? ಈ ಪ್ರಶ್ನೆಯನ್ನು ಕೂತು ಲೆಕ್ಕ ಹಾಕಿದವರು ಕಡಿಮೆ. ಧಾರವಾಡದ ಕಡೆಯ ಒಂದು ಮನೆಯಲ್ಲಿ ಇಬ್ಬರು ಹೆಂಗಸರು ಸೇರಿ ವಾರಕ್ಕೆ 30 ಕಿಲೋ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟುತ್ತಾರೆ ಎಂದುಕೊಳ್ಳೋಣ. ಅರ್ಧ ಕಿಲೋ ಪೊಟ್ಟಣವಾದರೆ ವಾರಕ್ಕೆ 60, ತಿಂಗಳಿಗೆ 240. ಒಂದು ಮನೆಗೆ ತಿಂಗಳಿಗೊಂದು ಪೊಟ್ಟಣ ಹೋದರೆ 240 ಮನೆಗಳು ಸಾಕು. ಅದಕ್ಕಿಂತ ಹೆಚ್ಚು ಬೇಡಿಕೆ ಬಂದರೆ ಕೈಯಾಳು, ಗಿರಣಿ, ಬಂಡವಾಳ ಎಲ್ಲವೂ ಹೆಚ್ಚಬೇಕು. ಇಲ್ಲವಾದರೆ ರುಚಿ ಕೆಡುತ್ತದೆ, ಕಳಿಸುವುದು ತಡವಾಗುತ್ತದೆ. ವಾಟ್ಸ್ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಈ ಮನೆಯ ಇಡೀ ವ್ಯಾಪಾರ ಆ ಒಂದು ಪಟ್ಟಿಯೊಳಗೆ ಹಿಡಿಸುತ್ತದೆ. ಹಾಗಿರುವಾಗ ಹತ್ತು ಸಾವಿರ ಫಾಲೋವರ್‌ಗಳಿಲ್ಲ ಎಂದು ಅವರು ಕೊರಗಬೇಕಾದ ಕಾರಣವೇ ಇಲ್ಲ.

ಆ ಪಟ್ಟಿ ಕಟ್ಟುವುದಕ್ಕೆ ಮಾತ್ರ ಶ್ರಮ ಬೇಕು. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಉಚಿತ ಆ್ಯಪ್. ಅದರಲ್ಲಿ ಬೆಲೆ ಸಮೇತ ಸರಕಿನ ಕ್ಯಾಟಲಾಗ್ ಇಡಬಹುದು, ಹೊಸ ಗಿರಾಕಿ, ಹಣ ಬಾಕಿ, ಪಾರ್ಸೆಲ್ ಹೋಗಿದೆ ಎಂದು ಮಾತುಕತೆಗಳಿಗೆ ಲೇಬಲ್ ಹಚ್ಚಬಹುದು. ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಇದನ್ನು ಅಡ್ಡಿ ಎಂದು ಕೆಲವರು ಗೊಣಗುತ್ತಾರೆ. ನನಗೆ ಇದು ಒಳ್ಳೆಯ ಜರಡಿ ಅನ್ನಿಸುತ್ತದೆ. ನಂಬರು ಉಳಿಸಿಕೊಂಡವರು ಮತ್ತೆ ಕೊಳ್ಳುವ ಮನಸ್ಸಿದ್ದವರು. ಅವರಿಗೆ ದಿನ ಬೆಳಗಾದರೆ ಶುಭೋದಯ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ನಾಗರ ಪಂಚಮಿಗೆ ಹತ್ತು ದಿನ ಮೊದಲು ಉಂಡಿಯ ಆರ್ಡರ್ ತೆಗೆದುಕೊಳ್ಳುತ್ತಿದ್ದೇವೆ ಎಂದು ತಿಳಿಸಿದರೆ ಕಾದಿದ್ದವರಂತೆ ಉತ್ತರಿಸುತ್ತಾರೆ. ವಾಟ್ಸ್ಆ್ಯಪ್ ಕೂಡ ಪರರ ಜಾಗವೇ ಆದ್ದರಿಂದ ಹೆಸರು, ಊರು, ನಂಬರು, ಕೊಂಡ ವಸ್ತು, ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬೇರೆಯಾಗಿ ಬರೆದಿಡಬೇಕು. ಅಂಗಡಿ ಇರುವವರು ಗೂಗಲ್ ಮ್ಯಾಪ್‌ನಲ್ಲಿ ಅದನ್ನು ನೋಂದಾಯಿಸುವುದು ರೀಲ್ ಮಾಡುವುದಕ್ಕಿಂತ ಮೊದಲಿನ ಕೆಲಸ, ಅದಕ್ಕೂ ದುಡ್ಡಿಲ್ಲ. ಹತ್ತಿರದ ಟೈಲರ್ ಯಾರು ಎಂದು ಹುಡುಕುವವರ ಕೈಯಲ್ಲಿ ಆಗಲೇ ಬಟ್ಟೆ ಇರುತ್ತದೆ. ರೀಲ್ ನೋಡುವವರು ಹೊತ್ತು ಕಳೆಯಲು ಬಂದವರು.

ಹಾಗಾದರೆ ರೀಲ್, ಪೋಸ್ಟುಗಳಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಬಹಳ ದೊಡ್ಡದೇ ಇದೆ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪು ತೆನಿ ಸೆರಗು ಬರುವುದು ಹೀಗೆ. ಗಂಟೆಗಟ್ಟಲೆ ಬೆರಳಿನ ಕೆಲಸ ಅದು. ವಿದ್ಯುತ್ ಮಗ್ಗದಲ್ಲಿ ನೇಯ್ದ ಅನುಕರಣೆಯ ಸೀರೆ ಫೋಟೋದಲ್ಲಿ ಇದರಷ್ಟೇ ಚೆನ್ನಾಗಿ ಕಾಣುತ್ತದೆ, ಬೆಲೆ ಎಷ್ಟೋ ಕಡಿಮೆ. ಅಂಗಡಿಯ ಕಟ್ಟೆಯ ಮೇಲೆ ಈ ವ್ಯತ್ಯಾಸವನ್ನು ಪ್ರತಿ ಗಿರಾಕಿಗೂ ತಿಳಿಸಿ ಹೇಳುವ ವ್ಯವಧಾನ ಮಾರುವವರಿಗೂ ಇರುವುದಿಲ್ಲ, ಕೇಳುವವರಿಗೂ ಇರುವುದಿಲ್ಲ. ನೇಕಾರರ ಬೆರಳು ಕೊಂಡಿ ಹಾಕುವುದನ್ನು, ಸೀರೆಯ ಹಿಂಬದಿ ಹೇಗಿರುತ್ತದೆ ಎಂಬುದನ್ನು, ಗೋಮಿ ದಡಿಗೂ ಚಿಕ್ಕಿ ದಡಿಗೂ ಏನು ವ್ಯತ್ಯಾಸ ಎಂಬುದನ್ನು ಒಂದು ನಿಮಿಷದ ವಿಡಿಯೋ ತೋರಿಸಬಲ್ಲದು. ಬೆಲೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ. ಚನ್ನಪಟ್ಟಣದ ಲೇತ್ ಮೇಲೆ ತಿರುಗುವ ಮರಕ್ಕೆ ಅರಗು ಒತ್ತಿದಾಗ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹಿಡಿಯುವುದನ್ನು ಕಂಡ ತಾಯಿತಂದೆಯರಿಗೆ, ಪ್ಲಾಸ್ಟಿಕ್ ಗೊಂಬೆಗಿಂತ ಇದಕ್ಕೆ ಏಕೆ ಹೆಚ್ಚು ಕೊಡಬೇಕು ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಮಾಡುವ ಬಗೆಯನ್ನು ಕೊಳ್ಳುವವರ ಕಣ್ಣಮುಂದೆ ಇಡುವ ಈ ಶಕ್ತಿ ಹಿಂದೆ ದೊಡ್ಡ ಕಂಪನಿಗಳ ಬಳಿ ಮಾತ್ರ ಇತ್ತು. ಈಗ ಮಗ್ಗದ ಮುಂದೆ ಕೂತವರ ಜೇಬಿನಲ್ಲೇ ಇದೆ. ಇಂಥ ಅವಕಾಶವನ್ನು ಬಿಟ್ಟು ಯಾವುದೋ ಸಿನಿಮಾ ಹಾಡಿಗೆ ಸೀರೆ ಹಿಡಿದು ಕುಣಿಯುವ ರೀಲ್ ಮಾಡುವುದು ಕಸುಬಿಗೆ ಮಾಡುವ ಅನ್ಯಾಯ. ಬೆಲೆ ಮುಚ್ಚಿಟ್ಟು, ಬೇಕಾದವರು ಮೆಸೇಜ್ ಮಾಡಿ ಎನ್ನುವ ಅಭ್ಯಾಸವೂ ಹಾಗೆಯೇ. ಕೇಳಲು ಸಂಕೋಚಪಡುವ ಮಧ್ಯಮ ವರ್ಗದ ಗಿರಾಕಿ ಅಲ್ಲಿಂದ ಸುಮ್ಮನೆ ಮುಂದೆ ಹೋಗುತ್ತಾರೆ.

ದುಡ್ಡು ಕೊಟ್ಟು ಜಾಹೀರಾತು ಹಾಕುವುದಾದರೂ ಇದೇ ಅಳತೆಗೋಲು ಹಿಡಿಯಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಯಾವ ಊರಿನ ಸುತ್ತ ಎಷ್ಟು ಕಿಲೋಮೀಟರ್ ಒಳಗಿನವರಿಗೆ ತೋರಿಸಬೇಕು ಎಂದು ಆರಿಸಬಹುದು. ಒತ್ತಿದವರು ನೇರವಾಗಿ ನಿಮ್ಮ ವಾಟ್ಸ್ಆ್ಯಪ್‌ಗೆ ಬರುವಂತೆಯೂ ಮಾಡಬಹುದು. ಪೋಸ್ಟಿನ ಕೆಳಗಿರುವ ಬೂಸ್ಟ್ ಗುಂಡಿಯನ್ನು ಗುರಿ ಯಾವುದೆಂದು ನೋಡದೆ ಒತ್ತಿದರೆ ಲೈಕು ಹೆಚ್ಚಬಹುದು, ಆರ್ಡರ್ ಹೆಚ್ಚುವ ಖಾತರಿಯಿಲ್ಲ. ಲೆಕ್ಕ ಹೀಗೆ ಮಾಡಿ: 2,000 ರೂಪಾಯಿ ಖರ್ಚಿಗೆ 40 ಜನ ವಿಚಾರಿಸಿದರು, 8 ಜನ ಕೊಂಡರು ಎಂದರೆ ಒಬ್ಬ ಗಿರಾಕಿಗೆ 250 ರೂಪಾಯಿ ಬಿದ್ದಂತಾಯಿತು. ಒಂದು ಪೊಟ್ಟಣದಲ್ಲಿ ನಿಮಗೆ ಉಳಿಯುವುದು 80 ರೂಪಾಯಿಯಾದರೆ ಮೊದಲ ಮಾರಾಟದಲ್ಲಿ 170 ರೂಪಾಯಿ ನಷ್ಟ. ಅದೇ ಗಿರಾಕಿ ನಾಲ್ಕನೆಯ ಸಲ ಕೊಂಡಾಗಲೇ ಹಾಕಿದ ಹಣ ಕೈಸೇರುತ್ತದೆ. ಕೊಂಡವರನ್ನು ಮತ್ತೆ ಕರೆತರುವ ವ್ಯವಸ್ಥೆಯಿಲ್ಲದೆ ಜಾಹೀರಾತಿಗೆ ಸುರಿದ ಹಣ ಮರಳುವುದಿಲ್ಲ ಎಂದು ಈ ಸಣ್ಣ ಕೂಡುಕಳೆಯುವ ಲೆಕ್ಕವೇ ಹೇಳುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಹಳೆಯ ಗಿರಾಕಿಗಳನ್ನೇ ಹಿಡಿದು ಕೂತರೆ ಬೆಳೆಯುವುದು ಹೇಗೆ, ಲಕ್ಷ ಜನ ನೋಡಿದರೆ ತಾನೇ ನೂರು ಜನ ಬರುವುದು ಎಂದು ಕೇಳುತ್ತಾರೆ. ಕೆಲವು ವ್ಯಾಪಾರಗಳ ಮಟ್ಟಿಗೆ ಇದು ನಿಜ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗೆ ಬರುವವರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅಲ್ಲಿ ಅಪರಿಚಿತರೇ ಗಿರಾಕಿಗಳು, ಮಂಜಿನ ರೀಲ್ ನಿಜಕ್ಕೂ ಕೋಣೆ ತುಂಬಿಸುತ್ತದೆ. ಮದುವೆಯ ಫೋಟೋಗ್ರಾಫರ್, ಮದುಮಗಳ ಮೇಕಪ್ ಮಾಡುವವರಿಗೂ ಅಷ್ಟೆ. ಆದರೆ ಅವರಿಗೂ ಮುಂದಿನ ಕೆಲಸ ತರುವುದು ಹಿಂದಿನವರ ಮಾತು. ಊಟ, ತಿಂಡಿ, ಬಟ್ಟೆ, ರಿಪೇರಿ, ದಿನಸಿಯಂಥ ಮರುಕಳಿಸುವ ವ್ಯಾಪಾರದಲ್ಲಿ ಏಕಾಏಕಿ ಬಂದ ಜನಜಂಗುಳಿ ಅಪಾಯವೂ ಹೌದು. ಫುಡ್ ವ್ಲಾಗರ್ ಒಬ್ಬರು ಬಂದು ಹೋದ ಮೇಲೆ ಮೂವತ್ತು ಜನ ಕೂರುವ ಖಾನಾವಳಿಯ ಮುಂದೆ ಇನ್ನೂರು ಜನ ನಿಂತರೆ, ರೊಟ್ಟಿ ತಟ್ಟುವ ಕೈಗಳು ಅಷ್ಟೇ ಇರುತ್ತವೆ. ಕಾದು ಬೇಸತ್ತವರು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ, ನಿತ್ಯದವರು ಜಾಗ ಸಿಗದೆ ಬೇರೆ ಕಡೆ ಹೊಂದಿಕೊಳ್ಳುತ್ತಾರೆ. ಇಂಥ ವ್ಲಾಗರ್‌ಗಳು ಹಣ ಪಡೆದು ಮಾಡಿದ ಪ್ರಚಾರವನ್ನು ಜಾಹೀರಾತು ಎಂದು ಸ್ಪಷ್ಟವಾಗಿ ಹೇಳಬೇಕೆಂಬ ನಿಯಮವೂ ಈಗ ಇದೆ. ಅದನ್ನು ಮುಚ್ಚಿಡುವವರಿಂದ ಪ್ರಚಾರ ಮಾಡಿಸಿಕೊಳ್ಳಬೇಡಿ.

ಇನ್ನೊಂದು ಮಾತು, ಇದಕ್ಕೆಲ್ಲ ನಮಗೆ ಹೊತ್ತೆಲ್ಲಿ, ಏಜೆನ್ಸಿಗೆ ಒಪ್ಪಿಸುತ್ತೇವೆ ಎನ್ನುವುದು. ಬೆಳಗಿನ ನಾಲ್ಕಕ್ಕೆ ಏಳುವ ಬೇಕರಿಯವರ ಕಷ್ಟ ಅರ್ಥವಾಗುವಂಥದೇ. ಫೋಟೋ, ಎಡಿಟಿಂಗ್ ಕೆಲಸ ಬೇರೆಯವರಿಗೆ ಕೊಡಿ, ತಪ್ಪಿಲ್ಲ. ಆದರೆ ಖಾತೆ ನಿಮ್ಮದೇ ಇಮೇಲ್, ನಿಮ್ಮದೇ ನಂಬರಿನಲ್ಲಿ ಇರಲಿ. ಇಲ್ಲವಾದರೆ ಏಜೆನ್ಸಿ ಬಿಟ್ಟ ದಿನ ಪುಟವೂ ಕೈತಪ್ಪುತ್ತದೆ. ತಿಂಗಳಿಗೆ ಐದು ಸಾವಿರ ಫಾಲೋವರ್ ಕೊಡಿಸುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಹಾಗೆ ಬಂದ ಸುಳ್ಳು ಖಾತೆಗಳು ನಿಮ್ಮ ಪೋಸ್ಟ್ ನೋಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಯಾರೂ ನೋಡದ ಪೋಸ್ಟನ್ನು ಜಾಲತಾಣ ಉಳಿದವರಿಗೂ ತೋರಿಸುವುದಿಲ್ಲ. ನಿಮ್ಮ ಖಾತೆಗಳಿಗೆ ಎರಡು ಹಂತದ ಪರಿಶೀಲನೆಯನ್ನು ಇವತ್ತೇ ಚಾಲೂ ಮಾಡಿ. ಹಣ ಕಳಿಸಿದೆವು ಎಂದು ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು, ಬ್ಯಾಂಕ್ ಖಾತೆ ನೋಡಿಯೇ ಸರಕು ಕಳಿಸಿ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ. ತಿನ್ನುವ ಪದಾರ್ಥ ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೂ ಪುಟದ ಮೇಲೂ ಇದ್ದರೆ ಹೊಸಬರ ಅರ್ಧ ಅನುಮಾನ ಕಳೆಯುತ್ತದೆ.

ಮುಂದಿನ ರೀಲಿಗೆ ಹಾಡು ಹುಡುಕುವ ಮೊದಲು ಕಳೆದ ಮೂರು ತಿಂಗಳಲ್ಲಿ ನಿಮ್ಮಲ್ಲಿ ಕೊಂಡವರ ಹೆಸರುಗಳನ್ನು ಬರೆದು ನೋಡಿ. ಅವರಲ್ಲಿ ಎರಡನೆಯ ಸಲ ಬಂದವರು ಎಷ್ಟು ಎಂದು ಎಣಿಸಿ. ಬಾರದವರಲ್ಲಿ ಹತ್ತು ಜನರಿಗೆ ಫೋನ್ ಮಾಡಿ, ಏನು ಹಿಡಿಸಲಿಲ್ಲ ಎಂದು ವಿನಯದಿಂದ ಕೇಳಿ. ಅವರು ಹೇಳಿದ್ದನ್ನು ಸರಿಪಡಿಸಿದ ಮೇಲೆ ಜಾಹೀರಾತಿಗೆ ದುಡ್ಡು ಹಾಕಿ.