ದಂಡಿನ ಬೆನ್ನಿಗೆ ದವಸದ ಎತ್ತು

1791ರ ಮೇ ತಿಂಗಳಲ್ಲಿ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ ಲಾರ್ಡ್ ಕಾರ್ನ್‌ವಾಲಿಸ್ ಮುತ್ತಿಗೆ ಹಾಕದೆಯೇ ಹಿಂದಿರುಗಿದ. ಮಳೆ ಹಿಡಿದಿತ್ತು, ದವಸ ತೀರಿತ್ತು, ಎತ್ತುಗಳು ಸತ್ತಿದ್ದವು. ಎಳೆಯಲಾಗದ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿಸಿದ. 1792ರ ಫೆಬ್ರುವರಿಯಲ್ಲಿ ಮತ್ತೆ ಬಂದಾಗ ಅವನ ಬೆನ್ನಿಗೆ ಬಂಜಾರರ, ಅಂದರೆ ನಮ್ಮ ಲಂಬಾಣಿಗರ, ಎತ್ತಿನ ಹಿಂಡುಗಳಿದ್ದವು. ಇವರು ಸೈನಿಕರಲ್ಲ, ಸ್ವಂತ ಎತ್ತಿನ ಮೇಲೆ ಧಾನ್ಯ ಹೇರಿ ತಂದು ದಂಡಿನ ಬಜಾರಿನಲ್ಲಿ ಮಾರುತ್ತಿದ್ದ ವ್ಯಾಪಾರಿಗಳು. ಲಾಭ ಅವರದು, ದಾರಿಯ ಅಪಾಯವೂ ಅವರದೇ. ಇತಿಹಾಸದ ಪಾಠದಲ್ಲಿ ಇವರ ಹೆಸರು ಬರುವುದು ಅಪರೂಪ!

ಅಮೆರಿಕದ ಭೂಸೇನೆ ಇಂಥ ಕೆಲಸವನ್ನು ಖಾಸಗಿ ಗುತ್ತಿಗೆದಾರರಿಗೆ ಒಪ್ಪಿಸುವ ‘ಲಾಗ್‌ಕ್ಯಾಪ್’ ಯೋಜನೆಯನ್ನು 1985ರಲ್ಲಿ ರೂಪಿಸಿತು. ಗುತ್ತಿಗೆಯೊಳಗೆ ಉಪಗುತ್ತಿಗೆ, ಇರಾಕಿನ ಸೇನಾ ನೆಲೆಗಳ ಅಡುಗೆಮನೆಗಳಲ್ಲಿ ಭಾರತೀಯರೂ ದುಡಿದರು. ಬಂಜಾರ ತನ್ನ ಎತ್ತಿಗೆ ತಾನೇ ಯಜಮಾನ. ಇವರದು ಬರೀ ಕೂಲಿ. 2004ರ ಜುಲೈಯಲ್ಲಿ ಕುವೈತ್ ಸಂಸ್ಥೆಯೊಂದರ ಮೂವರು ಭಾರತೀಯ ಲಾರಿ ಚಾಲಕರನ್ನು ಇರಾಕಿನಲ್ಲಿ ಅಪಹರಿಸಿದವರು, ಆ ಸಂಸ್ಥೆ ದೇಶ ಬಿಟ್ಟು ಹೋಗಲಿ ಎಂದರು. ಚಾಲಕರು ಬಿಡುಗಡೆಯಾದದ್ದು ಸೆಪ್ಟೆಂಬರ್ 1ರಂದು.