ಅಘನಾಶಿನಿಯ ಮಿಡಿ, ಸಾಣಿಕಟ್ಟಾದ ಉಪ್ಪು

ಅಪ್ಪೆಮಿಡಿಯ ಮರ ಗುರುತಿಸಲು ಕಾಯಿ ಬಿಡುವ ತನಕ ಕಾಯಬೇಕಾಗಿಲ್ಲ. ಒಂದು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ ಮೂಸಿದರೆ ಮರವೇ ತನ್ನ ಪರಿಚಯ ಹೇಳುತ್ತದೆ. ಜೀರಿಗೆ ಅಪ್ಪೆಯ ಎಲೆಗೂ ಜೀರಿಗೆಯ ವಾಸನೆ, ಕರ್ಪೂರದ ಜಾತಿಯದಕ್ಕೆ ಕರ್ಪೂರದ್ದು. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಹೊಳೆಸಾಲುಗಳಲ್ಲಿ ಹೀಗೆ ಎಲೆ ಮೂಸುತ್ತ ನಡೆದರೆ ಒಂದು ಮರದಂತೆ ಇನ್ನೊಂದಿಲ್ಲ ಎಂಬುದು ಬೇಗ ತಿಳಿಯುತ್ತದೆ. ನಮ್ಮ ದೇಶದ ಹೆಚ್ಚಿನ ಮಾವುಗಳ ವಾಟೆಯೊಳಗೆ ಇರುವುದು ಒಂದೇ ಭ್ರೂಣ, ಅದೂ ಪರಾಗಸ್ಪರ್ಶದಿಂದ ಆದದ್ದು. ಹಾಗಾಗಿ ಬಿದ್ದ ಬೀಜದಿಂದ ಎದ್ದ ಸಸಿ ತಾಯಿಯ ಪಡಿಯಚ್ಚಾಗುವುದಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಪುರಪ್ಪೆಮನೆ, ಹಳದೋಟ, ಕಂಚಪ್ಪ ಎಂದು ಬೇರೆಬೇರೆ ಹೆಸರು ಬಂದದ್ದು ಈ ಕಾರಣಕ್ಕೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಆ ಒಂದು ಹೆಸರಿನ ಕೆಳಗೆ ಎಷ್ಟೊಂದು ಮರಗಳು ತಮ್ಮ ತಮ್ಮ ಪರಿಮಳ ಹಿಡಿದು ನಿಂತಿವೆ.

ಜನವರಿ. ಅಘನಾಶಿನಿಯ ಒಂದು ತಿರುವಿನಲ್ಲಿ, ನೀರಿನ ಮೇಲಕ್ಕೆ ಬಾಗಿದ ಹಳೆಯ ಮರ ಹೂ ತುಂಬಿಕೊಂಡಿದೆ. ಇಬ್ಬನಿ ಆರುವವರೆಗೆ ಹೂಗೊಂಚಲಿನ ಬಳಿ ಏನೂ ಸುಳಿಯುವುದಿಲ್ಲ. ಬಿಸಿಲು ಏರಿದಂತೆ ಮೊದಲು ಬರುವುದು ನೊಣಗಳು, ಬಗೆಬಗೆಯವು. ಆಮೇಲೆ ಮಿಸರಿ ಜೇನು. ಮಾವಿನ ಹೂವಿನ ಕೆಲಸವನ್ನೆಲ್ಲ ಜೇನಿನ ಲೆಕ್ಕಕ್ಕೇ ಬರೆಯುವ ರೂಢಿ ಇದೆ. ಗೊಂಚಲಿನ ಮುಂದೆ ತಾಳ್ಮೆಯಿಂದ ಕೂತವರು ನೊಣಗಳಿಗೂ ಅದರಲ್ಲಿ ದೊಡ್ಡ ಪಾಲು ಕೊಡುತ್ತಾರೆ. ಒಂದೇ ಗೊಂಚಲಿನಲ್ಲಿ ಬರೀ ಗಂಡುಹೂಗಳೂ ಇರುತ್ತವೆ, ಗಂಡು ಹೆಣ್ಣು ಎರಡೂ ಕೂಡಿದ ಹೂಗಳೂ ಇರುತ್ತವೆ. ಕಾಯಿ ಕಟ್ಟುವುದು ಎರಡನೆಯವು ಮಾತ್ರ. ಕಟ್ಟಿದ್ದರಲ್ಲೂ ಹೆಚ್ಚಿನದು ಕಾಳುಮೆಣಸಿನ ಗಾತ್ರಕ್ಕೇ ಉದುರಿ ಹೋಗುತ್ತದೆ. ನೂರು ಹೂವಿಗೆ ಒಂದೂ ಹಣ್ಣಾಗುವ ತನಕ ಉಳಿಯುವುದಿಲ್ಲ. ಮೋಡ ಕವಿದು ಅಕಾಲದ ಮಳೆ ಹನಿದರಂತೂ ಗೊಂಚಲೇ ಕಪ್ಪಾಗಿ ಒಣಗುತ್ತದೆ. ಅಂಥ ವರ್ಷ ಎಷ್ಟೋ ಮನೆಗಳಲ್ಲಿ ಹೊಸ ಭರಣಿ ಕಟ್ಟುವುದೇ ಇಲ್ಲ.

ಫೆಬ್ರುವರಿ ಕೊನೆಯಿಂದ ಮಿಡಿಯ ಕಾಲ. ಉಗುರಿನಿಂದ ಒತ್ತಿ ನೋಡಬೇಕು. ಒಳಗಿನ ವಾಟೆ ಇನ್ನೂ ಗಟ್ಟಿಯಾಗಿರಬಾರದು, ಉಗುರು ಅಡ್ಡ ಹಾಯಬೇಕು. ಒಂದು ವಾರ ತಡವಾದರೂ ನಾರು ಬಲಿಯುತ್ತದೆ. ಬಲಿತ ಮಿಡಿ ಉಪ್ಪಿನಲ್ಲಿ ಚಿರುಟುವುದಿಲ್ಲ, ಚಿರುಟದ ಮಿಡಿ ಬಾಳುವುದಿಲ್ಲ.

ಈ ಉಪ್ಪಿನಕಾಯಿಯ ಗುಟ್ಟೆಲ್ಲ ಇರುವುದು ಸೊನೆಯಲ್ಲಿ. ಮಿಡಿಯನ್ನು ತೊಟ್ಟಿನ ಬುಡಕ್ಕೆ ಸರಿಯಾಗಿ ಮುರಿದರೆ ಸೊನೆ ಚಿಮ್ಮಿ ಹಾರುತ್ತದೆ. ಕಾಯಿಯೊಳಗಿನ ಸೊನೆನಾಳಗಳಲ್ಲಿ ಅಷ್ಟು ಒತ್ತಡ ಇರುತ್ತದೆ. ಅದೇ ತೊಟ್ಟನ್ನು ಸ್ವಲ್ಪ ಮೇಲಕ್ಕೆ ಕತ್ತರಿಸಿದರೆ ಒಂದೆರಡು ಹನಿ ಬಂದು ನಿಂತುಬಿಡುತ್ತದೆ. ಮಿಡಿಗೆ ಬೆರಳಗಲದ ತೊಟ್ಟು ಬಿಟ್ಟೇ ಕೊಯ್ಯಬೇಕೆಂದು ಹಿರಿಯರು ಹಟ ಹಿಡಿಯುವುದು ಇದಕ್ಕೇ. ಚಿಮ್ಮುವ ಸೊನೆಯನ್ನು ಸಣ್ಣ ಗಾಜಿನ ಶೀಶೆಯಲ್ಲಿ ಹಿಡಿದು ಅಲುಗಿಸದೆ ಇಟ್ಟರೆ ಅದು ಎರಡು ಪದರವಾಗುತ್ತದೆ. ಕೆಳಗೆ ಹಾಲಿನ ಬಣ್ಣದ ನೀರು, ಮೇಲೆ ತಿಳಿಯಾದ ಎಣ್ಣೆ. ಜೀರಿಗೆ, ಕರ್ಪೂರ ಎಂದು ನಾವು ಮೂಸುವುದೆಲ್ಲ ಮೇಲಿನ ಪದರದಲ್ಲಿದೆ. ರಸಾಯನಶಾಸ್ತ್ರದವರು ಟರ್ಪೀನ್ ಎನ್ನುವ ಹಗುರ ವಸ್ತುಗಳು ಅವು. ಚರ್ಮ ಸುಡುವ ಅಂಶ ಇರುವುದೂ ಅದರಲ್ಲೇ. ಹೊಳಗೇರು, ಗೇರು, ಮಾವು ಎಲ್ಲ ಒಂದೇ ಕುಟುಂಬದ ಮರಗಳಲ್ಲವೇ! ಕೊಯ್ಯುವವರು ಕೈಗೆ, ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಮರ ಹತ್ತುತ್ತಾರೆ. ಈ ಟರ್ಪೀನುಗಳಿಗೆ ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿ ಇರುವುದು ಪ್ರಯೋಗಗಳಲ್ಲಿ ಕಂಡಿದೆ. ಮರ ತನ್ನ ಎಳೆಗಾಯಿಯನ್ನು ಹುಳದಿಂದ, ಕೊಳೆಯಿಂದ ಕಾಯಲು ಮಾಡಿಕೊಂಡ ರಸ ಇದು. ಅದನ್ನು ಚೆಲ್ಲದೆ ಭರಣಿಯವರೆಗೆ ತರುವುದೇ ಅಪ್ಪೆಮಿಡಿ ಹಾಕುವ ವಿದ್ಯೆ ಎಂಬುದು ನಾನು ನೋಡಿ ನೋಡಿ ಕಂಡುಕೊಂಡದ್ದು.

ಹತ್ತುವವರಿಗೆ ಸೊನೆಗಿಂತ ಮೊದಲು ಎದುರಾಗುವುದು ಚಗಳಿ. ಎಲೆಗಳನ್ನು ಸೇರಿಸಿ ಹೊಲಿದ ಗೂಡು ಅಲುಗಿದ ಕೂಡಲೇ ಕೆಂಪಿರುವೆಗಳು ತೋಳಿಗೆ ಕಚ್ಚಿಕೊಳ್ಳುತ್ತವೆ. ಆದರೂ ಚಗಳಿ ಇರುವ ಟೊಂಗೆಯನ್ನು ಒಂದು ಕ್ಷಣ ನಿಂತು ನೋಡುವುದು ಒಳ್ಳೆಯದು. ಕಾಯಿ ಕೊರೆಯುವ, ಎಲೆ ತಿನ್ನುವ ಎಷ್ಟೋ ಕೀಟಗಳನ್ನು ಅವು ಅಲ್ಲಿಂದ ಓಡಿಸಿರುತ್ತವೆ. ಕೊಯ್ದ ಮಿಡಿಯನ್ನು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿಯಲ್ಲಿ ಹೊರಗೆ ಕಾಣದ ಗಾಯ ಇರುತ್ತದೆ, ಅಂಥದ್ದೊಂದು ಸೇರಿದರೂ ಸುತ್ತಲಿನವು ಮೆತ್ತಗಾಗುತ್ತವೆ.

ಇನ್ನು ಉಪ್ಪು. ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ, ತದಡಿಯ ಹತ್ತಿರ ಕಡಲು ಸೇರುತ್ತದೆ. ಅಲ್ಲಿ, ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ, ಉಬ್ಬರದ ನೀರನ್ನು ಆಗರಗಳಿಗೆ ಹಾಯಿಸಿ ಬಿಸಿಲಿನಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಾರೆ. ಘಟ್ಟದ ಮೇಲೆ ಮಿಡಿ ಬಲಿಯುವ ತಿಂಗಳುಗಳಲ್ಲೇ ಕೆಳಗೆ ಉಪ್ಪು ಹರಳುಗಟ್ಟುತ್ತಿರುತ್ತದೆ. ಒಂದೇ ಹೊಳೆಯ ತಲೆಯಿಂದ ಮಿಡಿ, ಬಾಯಿಂದ ಉಪ್ಪು. ಈ ಹರಳುಪ್ಪು ಅಂಗಡಿಯ ಪುಡಿಯುಪ್ಪಿನಷ್ಟು ಬೆಳ್ಳಗಿರುವುದಿಲ್ಲ. ಸಮುದ್ರದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಸ್ವಲ್ಪ ಉಳಿದುಕೊಂಡಿರುತ್ತವೆ. ಕಾಯಿಯ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಬೆಸೆದುಕೊಂಡರೆ ತಿರುಳು ಗಟ್ಟಿಯಾಗಿ ನಿಲ್ಲುತ್ತದೆ. ಹರಳುಪ್ಪಿನ ಮಿಡಿ ಕಟುಂ ಎನ್ನುತ್ತದೆ ಎಂಬ ಮನೆಮಾತನ್ನು ನಾನು ಅದಕ್ಕೇ ನಂಬುತ್ತೇನೆ.

ತೊಳೆದ ಮಿಡಿಯನ್ನು ನೆರಳಿನಲ್ಲಿ ಹರಡಿ, ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ಪೂರ್ತಿ ಒಣಗಿದ ಭರಣಿಗೆ ಒಂದು ಪದರ ಉಪ್ಪು, ಒಂದು ಪದರ ಮಿಡಿ ಹಾಕುತ್ತ ಹೋಗಬೇಕು. ನಾಲ್ಕೈದು ಅಳತೆ ಮಿಡಿಗೆ ಒಂದು ಅಳತೆ ಹರಳುಪ್ಪು. ನೀರು ಹಾಕುವ ಮಾತೇ ಇಲ್ಲ. ಭರಣಿ ಪಿಂಗಾಣಿಯದೇ ಆಗಬೇಕು, ಹುಳಿ ಮತ್ತು ಉಪ್ಪು ಸೇರಿದರೆ ಲೋಹವನ್ನು ತಿನ್ನುತ್ತವೆ. "ಒದ್ದೆ ಕೈ ಹಾಕಡ ತಮಾ" ಎಂದು ಅತ್ತೆ ಈಗಲೂ ನನಗೆ ಎಚ್ಚರಿಸುತ್ತಾರೆ.

ಆಮೇಲಿನ ದಿನಗಳನ್ನು ಗಾಜಿನ ಜಾಡಿಯಲ್ಲೂ ಸ್ವಲ್ಪ ಹಾಕಿಟ್ಟು ನೋಡಬೇಕು, ಭರಣಿಯಲ್ಲಿ ಏನು ನಡೆಯುತ್ತದೆ ಎಂಬುದು ಆಗ ಕಣ್ಣಿಗೆ ಸಿಗುತ್ತದೆ. ಮೊದಲ ರಾತ್ರಿಯೇ ಉಪ್ಪಿನ ಹರಳುಗಳ ಅಂಚು ತೇವವಾಗುತ್ತದೆ. ಮರುದಿನ ತಳದಲ್ಲಿ ಬೆರಳು ದಪ್ಪ ನೀರು. ಅದೆಲ್ಲ ಮಿಡಿಯೊಳಗಿಂದ ಬಂದದ್ದು. ಹೊರಗಿನ ಉಪ್ಪು ಒಳಗಿನ ನೀರನ್ನು ಜೀವಕೋಶಗಳ ಪೊರೆ ದಾಟಿಸಿ ಎಳೆದಿದೆ. ನೀರು ಏರಿದಂತೆ ಮಿಡಿಗಳು ತೇಲುತ್ತವೆ, ಆ ಉಪ್ಪುನೀರು ಅವುಗಳಿಗಿಂತ ಭಾರ. ತೇಲಿದ್ದು ಗಾಳಿಗೆ ಸಿಕ್ಕರೆ ಕೆಡುತ್ತದೆ, ಅದಕ್ಕೆ ಮೇಲೊಂದು ತೊಳೆದು ಒಣಗಿಸಿದ ಹೊಳೆಗಲ್ಲು. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಮೇಲುಕೆಳಗು ಮಾಡಬೇಕು. ಎಲೆಹಸಿರು ಬಣ್ಣ ಮಾಸಿ ಆಲಿವ್ ಬಣ್ಣಕ್ಕೆ ತಿರುಗುವುದು ನಿಧಾನವಾಗಿ, ತೊಟ್ಟಿನ ಕಡೆಯಿಂದ ಒಮ್ಮೆ, ತುದಿಯಿಂದ ಒಮ್ಮೆ. ಹುಳಿಯಲ್ಲಿ ಪತ್ರಹರಿತ್ತು ತನ್ನ ಮೆಗ್ನೀಸಿಯಂ ಕಳೆದುಕೊಂಡಾಗ ಹೀಗಾಗುತ್ತದೆ. ಚರ್ಮದಲ್ಲಿ ಸುಕ್ಕು ಮೂಡುತ್ತದೆ. ಎರಡು ವಾರದ ಹೊತ್ತಿಗೆ ಚೆನ್ನಾಗಿ ಚಿರುಟಿದ ಮಿಡಿ ಅಜ್ಜಿಯ ಬೆರಳಿನಂತೆ ಕಾಣುತ್ತದೆ, ಒಳಗೆ ಉಪ್ಪು ಇಳಿದು ಭಾರವಾಗಿ ತಳ ಸೇರುತ್ತದೆ.

ಕಡಿಮೆ ಉಪ್ಪಿನ ನೀರಿನಲ್ಲಿ ಸೌತೆ, ಎಲೆಕೋಸು ಹಾಕಿದರೆ ಅಲ್ಲಿ ನಡೆಯುವ ಕತೆ ಬೇರೆ. ಗುಳ್ಳೆ ಏಳುತ್ತವೆ. ಮೊದಲು ಲ್ಯೂಕೊನೊಸ್ಟಾಕ್, ಹುಳಿ ಏರಿದ ಮೇಲೆ ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಸರದಿಯಂತೆ ಬಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಅಪ್ಪೆಮಿಡಿಯ ಭರಣಿಯಲ್ಲಿ ಅಷ್ಟು ಗಲಾಟೆ ಇಲ್ಲ. ಇಲ್ಲಿ ಉಪ್ಪು ಬಲು ಹೆಚ್ಚು, ಹುಳಿ ಕಾಯಿಯದೇ, ಜೊತೆಗೆ ಸೊನೆ. ಮೂರೂ ಸೇರಿ ಹೆಚ್ಚಿನ ಜೀವಿಗಳಿಗೆ ಬಾಗಿಲು ಹಾಕಿಬಿಡುತ್ತವೆ. ಮೇಲ್ಮೈಯಲ್ಲಿ ಒಮ್ಮೊಮ್ಮೆ ಬಿಳಿಯ ತೆಳು ಬೂಸು ಕಟ್ಟುವುದು ಗಾಳಿ ಬೇಕಾದ ಯೀಸ್ಟ್‌ಗಳಿಂದ. ಮಿಡಿ ನೀರಿನಡಿಯಲ್ಲೇ ಇದ್ದರೆ ಬೂಸಿಗೆ ನೆಲೆ ಸಿಗುವುದಿಲ್ಲ.

ಖಾರ ಬೆರೆಸುವಾಗ ಮನೆಮನೆಗೆ ಕ್ರಮ ಬೇರೆ. ಒಣಮೆಣಸು, ಸಾಸಿವೆ, ಅರಿಸಿನ ಎಲ್ಲರಲ್ಲೂ ಇದೆ. ಸಾಸಿವೆಯನ್ನು ಹುರಿಯದೆ ಬಿಸಿಲಿಗೆ ಒಣಗಿಸಿ ಅರೆಯುವವರ ಪಕ್ಷ ನನ್ನದು. ಹಸಿ ಸಾಸಿವೆ ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವ ಎಚ್ಚೆತ್ತು ಮೂಗಿಗೆ ಹತ್ತುವ ಘಾಟನ್ನು ಹುಟ್ಟಿಸುತ್ತದೆ, ಆ ಘಾಟು ಬೂಸಿನ ಶತ್ರು. ಹುರಿದರೆ ಕಿಣ್ವ ಸಾಯುತ್ತದೆ. ಮಿಡಿ ತೆಗೆದಿಟ್ಟ ಉಪ್ಪುನೀರನ್ನು ಕುದಿಸಿ ಆರಿಸಿ ಅದರಲ್ಲಿ ಮಸಾಲೆ ಅರೆಯುವುದು ಹೆಚ್ಚಿನವರ ಪದ್ಧತಿ. ಕುದಿಯುವಾಗ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಹಾಗೆ ಹಾರಿಹೋದ ಪರಿಮಳ ಮತ್ತೆ ಭರಣಿಗೆ ಬರುವುದಿಲ್ಲ. ಆದ್ದರಿಂದ ಉಪ್ಪು ಸಾಕಷ್ಟಿದ್ದರೆ ನಾನು ನೀರನ್ನು ಕುದಿಸದೆ ಸೋಸಿ ಬಳಸುತ್ತೇನೆ. ಎಣ್ಣೆ ಹಾಕುವುದಿಲ್ಲ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟರೆ ಒಳ್ಳೆಯ ಸೊನೆಯ ಮಿಡಿ ವರ್ಷಗಟ್ಟಲೆ ಇರುತ್ತದೆ.

ಹೊಳೆಸಾಲಿನ ಮರಗಳ ಸ್ಥಿತಿ ಮಾತ್ರ ಸಂಕಟದ್ದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿಯ ದಂಡೆಯ ಕಾಡು ಮುಳುಗಿತು. ಉಳಿದ ಹೊಳೆಗಳಲ್ಲಿ ಮಿಡಿಗೆ ಬೆಲೆ ಬಂದಂತೆ ಕೊಯ್ಯುವ ಆತುರವೂ ಬಂದಿದೆ. ತುದಿಯ ಗೊಂಚಲು ಕೈಗೆ ಸಿಗದಿದ್ದರೆ ಟೊಂಗೆಯನ್ನೇ ಕಡಿದು ಕೆಡಹುತ್ತಾರೆ. ಟೊಂಗೆ ಮತ್ತೆ ಚಿಗುರಿ ಹೂ ಬಿಡಲು ವರ್ಷಗಳು ಬೇಕು, ಗಾಯದಿಂದ ಗೆದ್ದಲು, ಕಾಂಡಕೊರಕ ಒಳಸೇರುತ್ತವೆ. ಮರ ಒರಗಿದರೆ ಆ ಪರಿಮಳ ಬೀಜದಿಂದ ಮರಳುವುದಿಲ್ಲ, ಕಸಿಯೊಂದೇ ದಾರಿ. ಶಿರಸಿ, ಸಾಗರದ ಕಡೆಯ ಕೆಲವು ರೈತರು ಕಾಡಿನ ಮರಗಳ ಕುಡಿ ತಂದು ಕಸಿ ಕಟ್ಟಿ ತೋಟದಲ್ಲಿ ಉಳಿಸಿದ್ದಾರೆ, ಅವರ ಕೆಲಸ ದೊಡ್ಡದು. ಆದರೆ ತೋಟದ ಮರಕ್ಕೆ ಹೊಳೆಯ ನೊಣ, ಮಿಸರಿ, ಚಗಳಿಗಳ ಅದೇ ಸಂತೆ ಸಿಗುತ್ತದೆಯೇ ಎಂಬುದು ಕೂತು ನೋಡಬೇಕಾದ ಸಂಗತಿ.

ಈ ಮಳೆಗಾಲಕ್ಕೆ ಆ ತಿರುವಿನ ಹಳೆಯ ಮರದಿಂದ ಪೆನ್ಸಿಲ್ ದಪ್ಪದ ಕುಡಿಗಳನ್ನು ಆರಿಸಿಟ್ಟುಕೊಂಡಿದ್ದೇನೆ. ಎಲೆ ಸವರಿ ಕೆಲವು ದಿನ ಮರದಲ್ಲೇ ಬಿಟ್ಟರೆ ಕಣ್ಣು ಉಬ್ಬುತ್ತದೆ, ಕಸಿ ಬೇಗ ಹಿಡಿಯುತ್ತದೆ. ನಾಟಿ ಹಾಕುವ ಜಾಗ ನೆರೆಯ ಗುರುತಿಗಿಂತ ಮೇಲಿರಬೇಕು, ಬೇರು ಹೊಳೆಯ ತಂಪು ಮುಟ್ಟುವಷ್ಟು ಹತ್ತಿರವೂ ಇರಬೇಕು. ಅಂಥ ದಂಡೆ ಇರುವ ಊರಿನವರೊಡನೆ ಮಾತಾಡಿಯಾಗಿದೆ.