ಘಟ್ಟದ ಇಳಿಜಾರೂ ಕಾರಿನ ಬ್ರೇಕ್ ಡಿಸ್ಕೂ

ಕೊಳ್ಳೇಗಾಲದಿಂದ ಹೊರಟು ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟವನ್ನು ಸೇರಿದರೆ, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟದ ಏರುದಾರಿ ಮೊದಲಾಗುತ್ತದೆ. ಯಳಂದೂರಿನ ಕಡೆಯವರಿಗೆ ಬಿಳಿಗಿರಿರಂಗನ ಬೆಟ್ಟದ ಘಟ್ಟವುಂಟು. ಏರುವಾಗ ದುಡಿಯುವುದು ಎಂಜಿನ್, ಇಳಿಯುವಾಗ ಬ್ರೇಕು. ಬೆಟ್ಟವಿಳಿದು ನಿಂತ ಕಾರಿನ ಚಕ್ರಗಳ ಬಳಿ ಸುಟ್ಟ ವಾಸನೆ ಬರುವುದು ಅನೇಕರ ಅನುಭವಕ್ಕೆ ಬಂದಿರಬಹುದು. ಅದಕ್ಕೆ ಕಾರಣವೇನೆಂದು ತಿಳಿದರೆ, ಸವೆದ ಬ್ರೇಕ್ ಡಿಸ್ಕಿಗೆ ಬದಲಾಗಿ ಎಂತಹುದನ್ನು ಆರಿಸಬೇಕೆಂಬುದೂ ತಿಳಿಯುತ್ತದೆ.

ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಬಿಲ್ಲೆಯೇ ಡಿಸ್ಕ್. ಚಾಲಕನು ಪೆಡಲನ್ನು ತುಳಿದಾಗ, ಕೊಳವೆಯಲ್ಲಿರುವ ಬ್ರೇಕ್ ಆಯಿಲಿನ ಒತ್ತಡದಿಂದ ಎರಡು ಪ್ಯಾಡುಗಳು ಅದನ್ನು ಇಕ್ಕೆಲಗಳಿಂದಲೂ ಅದುಮಿ ಹಿಡಿಯುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿಯೇ ಇಂತಹ ಬ್ರೇಕಿಗೆ ಪೇಟೆಂಟ್ ಪಡೆದಿದ್ದನು. 1953ರ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕುಗಳುಳ್ಳ ಜಾಗ್ವಾರ್ ಕಾರು ಗೆದ್ದ ಬಳಿಕ ಅದರ ಗುಣ ಜಗತ್ತಿಗೆ ಮನವರಿಕೆಯಾಯಿತು. ಡ್ರಮ್ಮಿನೊಳಗೆ ಹುಟ್ಟಿದ ಶಾಖವು ಒಳಗೇ ಉಳಿಯುತ್ತದೆ. ಡಿಸ್ಕಾದರೋ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ.

ಈ ಶಾಖವೆಷ್ಟು? ಒಂದು ಸಣ್ಣ ಲೆಕ್ಕ ಮಾಡೋಣ. ಜನರೂ ಸಾಮಾನೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು 500 ಮೀಟರು ಕೆಳಗಿಳಿಯಿತೆಂದಿಟ್ಟುಕೊಳ್ಳಿ. ಅದು ಕಳೆದುಕೊಳ್ಳುವ ಶಕ್ತಿ ಸುಮಾರು 59 ಲಕ್ಷ ಜೂಲ್. 25 ಡಿಗ್ರಿ ಸೆಲ್ಸಿಯಸ್‌ನ 18 ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು! ಎಂಜಿನ್ನೂ ಗಾಳಿಯೂ ತಡೆಯೊಡ್ಡದಿದ್ದರೆ ಇದೆಲ್ಲವೂ ಬ್ರೇಕಿನ ಪಾಲಿಗೇ ಬರುತ್ತದೆ. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಅದರ ಹೆಚ್ಚಿನ ಭಾಗವನ್ನು ಮುಂಚಕ್ರಗಳೇ ಹೊರಬೇಕು.

ದಪ್ಪ ಕಾವಲಿಯನ್ನೂ ತೆಳು ತಗಡನ್ನೂ ಒಂದೇ ಉರಿಯ ಮೇಲಿಡಿ. ತಗಡೇ ಮೊದಲು ಕೆಂಪಗಾಗುತ್ತದೆ. ಡಿಸ್ಕಿನ ಕತೆಯೂ ಇದೇ. ಅದರಲ್ಲಿರುವ ಕಬ್ಬಿಣವು ಶಾಖದ ಉಗ್ರಾಣ. ಸವೆದು ತೆಳುವಾದಂತೆ ಉಗ್ರಾಣ ಕಿರಿದಾಗಿ ಉಷ್ಣತೆ ಏರುತ್ತದೆ. ಮಿತಿಮೀರಿ ಕಾದ ಪ್ಯಾಡು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಹಳೆಯ ಬ್ರೇಕ್ ಆಯಿಲು ಹೀರಿಕೊಂಡಿದ್ದ ನೀರಿನ ದೆಸೆಯಿಂದ ಬೇಗ ಕುದಿದು, ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲು ತಳ ಮುಟ್ಟಿದರೂ ಕಾರು ನಿಲ್ಲದು. ಆದುದರಿಂದಲೇ ತಯಾರಕರು ಅತಿ ಕಡಿಮೆ ದಪ್ಪ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಸವೆದುದನ್ನು ಬಳಸಲೇಬಾರದು.

ಅಂಗಡಿಯಲ್ಲಿ ಮೂರು ನಾಲ್ಕು ಬಗೆಯ ಡಿಸ್ಕುಗಳು ಕಾಣಸಿಗುತ್ತವೆ. ಇಡಿಯಾದ ಒಂದೇ ಬಿಲ್ಲೆ ಒಂದು ಬಗೆ. ಎರಡು ಬಿಲ್ಲೆಗಳ ನಡುವೆ ಗಾಳಿ ಹರಿಯುವ ಸಂದುಗಳಿರುವುದು ಇನ್ನೊಂದು. ಮುಖದ ಮೇಲೆ ತೂತು ಕೊರೆದವೂ, ಗೀರು ಹಾಕಿದವೂ ಉಂಟು. ಕಡೆಯವೆರಡು ನೋಟಕ್ಕೆ ಸೊಗಸು. ಆದರೆ ತೂತು ಕೊರೆದಷ್ಟೂ ಕಬ್ಬಿಣ ಕಡಿಮೆಯಾಗುತ್ತದೆ; ಬಿಸಿಯೇರಿ ಆರುತ್ತಿದ್ದರೆ ತೂತುಗಳ ಅಂಚಿನಲ್ಲಿ ಬಿರುಕು ಹುಟ್ಟಬಹುದು. ಗೀರುಗಳು ಪ್ಯಾಡನ್ನು ಬೇಗ ಸವೆಸುತ್ತವೆ. ದಿನಬಳಕೆಯ ಕಾರಿಗೆ, ತಯಾರಕರು ಮೊದಲು ಕೊಟ್ಟಿದ್ದ ಬಗೆಯದೇ, ಅದೇ ವ್ಯಾಸ ಮತ್ತು ದಪ್ಪವುಳ್ಳ ನಯವಾದ ಡಿಸ್ಕೇ ಸಾಕು. ಗಾಳಿಸಂದಿನ ಡಿಸ್ಕಿದ್ದೆಡೆ ಅಗ್ಗವೆಂದು ಇಡಿ ಬಿಲ್ಲೆಯನ್ನು ಕೂಡಿಸಬಾರದು.

ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸುವುದು ನಿಯಮ. ಇಲ್ಲವಾದರೆ ಬ್ರೇಕು ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು. ಪ್ಯಾಡುಗಳೂ ಹೊಸವೇ ಇರಲಿ. ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯನ್ನು ಡಿಸ್ಕಿನಿಂದ ತೊಳೆದು, ಚಕ್ರದ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ಅಲ್ಲಿ ಕೂದಲೆಳೆಯಷ್ಟು ತುಕ್ಕುಳಿದರೂ ಡಿಸ್ಕು ಓರೆಯಾಗಿ ತಿರುಗಿ, ಕಾಲಕ್ರಮದಲ್ಲಿ ಅಸಮವಾಗಿ ಸವೆದು, ಪೆಡಲು ಕಾಲಿನಡಿ ನಡುಗತೊಡಗುತ್ತದೆ. ಹೊಸ ಡಿಸ್ಕೂ ಪ್ಯಾಡೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಮೆಲ್ಲನೆ ಬ್ರೇಕು ಹಾಕಿ ಪಳಗಿಸಬೇಕು. ಹಾಕಿಸಿದ ಮರುದಿನವೇ ಬೆಟ್ಟವೇರುವುದು ತರವಲ್ಲ.

ಇಷ್ಟಾದರೂ ಎಲ್ಲ ಭಾರವನ್ನೂ ಡಿಸ್ಕಿನ ಮೇಲೆ ಹೇರಲಾಗದು. ಇಳಿಜಾರು ತೊಡಗುವ ಮುನ್ನವೇ ಕೆಳಗಿನ ಗೇರಿಗೆ ಬಂದರೆ ಎಂಜಿನ್ನೇ ಕಾರನ್ನು ಹಿಡಿದೆಳೆಯುತ್ತದೆ. ಬ್ರೇಕನ್ನು ಸದಾ ಒತ್ತಿಕೊಂಡೇ ಇರದೆ, ಬೇಕಾದಾಗ ಬಿಗಿಯಾಗಿ ಒತ್ತಿ ಬಿಟ್ಟರೆ ಡಿಸ್ಕಿಗೆ ಗಾಳಿಯಾಡಲು ಬಿಡುವು ದೊರೆಯುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವ ಮಾತು ಭೌತವಿಜ್ಞಾನಕ್ಕೂ ಒಪ್ಪುವಂತಹುದು.